ದಿನವೂ ಮುಟ್ಟುವ ಬೀರುವಿನ ಮೇಲೆ ಬೆರಳಚ್ಚು ಸಿಗದೇ ಹೋಗುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಓದುಗ

ನನ್ನ ಹೆಂಡತಿಯ ತವರು ಮನೆಯಲ್ಲಿ ಏಪ್ರಿಲ್ ಬಿಸಿಲಿನ ದಿನಗಳಲ್ಲಿ ಕಳವಾಯಿತು. ಮನೆಯವರೆಲ್ಲ ಜಾತ್ರೆಗೆ ಹೋಗಿದ್ದ ರಾತ್ರಿ ಹಿಂಬಾಗಿಲಿನ ಚಿಲಕ ಮೀಟಿ ಒಳಹೊಕ್ಕವರು ಕಬ್ಬಿಣದ ಬೀರು ತೆರೆದು ಒಡವೆಯನ್ನೂ ನಗದನ್ನೂ ಒಯ್ದಿದ್ದಾರೆ. ಮಾರನೆಯ ದಿನ ಮಧ್ಯಾಹ್ನ ಶ್ವಾನದಳದೊಂದಿಗೆ ಬಂದ ಬೆರಳಚ್ಚು ತಜ್ಞರು ಬೀರು, ಚಿಲಕ, ಹಿತ್ತಾಳೆ ಬಿಂದಿಗೆ, ಗೋಡೆ ಕಪಾಟಿನ ಗಾಜು ಎಲ್ಲಕ್ಕೂ ಪುಡಿ ಹಾಕಿ ಪರಿಶೀಲಿಸಿದರು. ಗಾಜಿನ ಮೇಲೆ ಸಿಕ್ಕ ಗುರುತುಗಳು ಮನೆಯವರದೇ ಎಂದು ಆಮೇಲೆ ತಿಳಿಯಿತು. ಉಳಿದವು ಹೋಲಿಕೆಗೆ ಯೋಗ್ಯವಲ್ಲವೆಂದು ಹೇಳಿ ಹೋದರು.

ಕಳ್ಳನದ್ದು ಹಾಗಿರಲಿ, ಮನೆಮಂದಿಯೆಲ್ಲ ದಿನಕ್ಕೆ ಹತ್ತು ಸಲ ಮುಟ್ಟುವ ಬೀರುವಿನ ಮೇಲೆ ಅವರದ್ದೇ ಒಂದು ಅಚ್ಚಾದರೂ ಸ್ಪಷ್ಟವಾಗಿ ಇರಬೇಕಾಗಿತ್ತಲ್ಲವೇ ಎಂಬುದು ನನ್ನ ಸಂಶಯ. ಊರಿನಲ್ಲಿ ಇದಕ್ಕೆ ಆಗಲೇ ಒಂದು ವ್ಯಾಖ್ಯಾನ ಹುಟ್ಟಿಕೊಂಡಿದೆ: ಮನೆಯ ಒಳಹೊರಗು ಬಲ್ಲವರೇ ಕದ್ದಿದ್ದಾರೆ, ಅದಕ್ಕೇ ಎಲ್ಲವನ್ನೂ ಒರೆಸಿ ಹೋಗಿದ್ದಾರೆ ಎನ್ನುತ್ತಿದ್ದಾರೆ. ತೋಟದ ಕೆಲಸಕ್ಕೆ ಬರುವ ಒಂದು ಕುಟುಂಬದ ಕಡೆಗೆ ಬೆರಳು ತೋರಿಸುವುದೂ ನಡೆದಿದೆ. ಮುಟ್ಟುವ ರೀತಿ, ಒತ್ತುವ ಬಲ, ಕೈಯ ಬೆವರು, ಹವೆ ಇವುಗಳಿಂದ ಅಚ್ಚಿನ ಗುಣಮಟ್ಟ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಬೆರಳಚ್ಚು ಪರಿಶೀಲಕ, ತುಮಕೂರು

ತಮ್ಮ ಊರಿನವರ ವ್ಯಾಖ್ಯಾನಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಿಂದ ಒಂದು ಕುಟುಂಬದ ಮರ್ಯಾದೆ ಹೋಗುತ್ತದೆ. ಅಚ್ಚು ಸಿಗಲಿಲ್ಲ ಎಂಬುದರಿಂದ ಯಾರೋ ಒರೆಸಿದ್ದಾರೆ ಎಂದು ತೀರ್ಮಾನಿಸಲು ಬರುವುದಿಲ್ಲ. ನುಣುಪಾದ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದ್ದರೆ, ಪುಡಿ ಹಾಕಿದಾಗ ಬಟ್ಟೆ ಎಳೆದ ದಿಕ್ಕಿನಲ್ಲಿ ಜಿಡ್ಡಿನ ಪಟ್ಟೆಗಳು ಎದ್ದು ಕಾಣುವುದು ಸಾಮಾನ್ಯ. ಅಂಥವು ಇಲ್ಲದೆ ಒಂದರ ಮೇಲೊಂದು ಬಿದ್ದ ಮಸುಕು ಕಲೆಗಳಷ್ಟೇ ಕಂಡಿದ್ದರೆ, ಅದು ಮನುಷ್ಯರು ಬೀರುವನ್ನು ದಿನನಿತ್ಯ ಮುಟ್ಟುವ ರೀತಿಯಿಂದ ಆದದ್ದು.

ಬೆರಳು ಒಂದೇ ಆದರೂ ಅದು ಬಿಡುವ ಅಚ್ಚು ಪ್ರತಿ ಸಲವೂ ಬೇರೆಯಾಗಿರುತ್ತದೆ. ಠಾಣೆಯಲ್ಲಿ ಶಾಯಿ ಹಚ್ಚಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳನ್ನು ಉರುಳಿಸಿ ತೆಗೆಯುವ ಅಚ್ಚಿನಲ್ಲಿ ಶಾಯಿಯ ಪ್ರಮಾಣ, ಒತ್ತಡ, ಕಾಗದ, ದಿಕ್ಕು ಎಲ್ಲವೂ ತೆಗೆಯುವವನ ಹಿಡಿತದಲ್ಲಿರುತ್ತವೆ. ಕಳವಾದ ಸ್ಥಳದಲ್ಲಿ ಇವುಗಳಲ್ಲಿ ಒಂದೂ ಯಾರ ಹಿಡಿತದಲ್ಲೂ ಇರುವುದಿಲ್ಲ.

ಶಾಯಿಯ ಜಾಗದಲ್ಲಿ ಅಲ್ಲಿರುವುದು ಬೆವರು. ಬೆರಳ ತುದಿಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹೇರಳವಾಗಿವೆ, ಆದರೆ ಎಣ್ಣೆ ಸ್ರವಿಸುವ ಗ್ರಂಥಿಗಳು ಅಲ್ಲಿ ಇಲ್ಲವೇ ಇಲ್ಲ. ಉಬ್ಬುಗೆರೆಗಳ ನೆತ್ತಿಯ ಮೇಲೆ ಸಾಲಾಗಿರುವ ರಂಧ್ರಗಳಿಂದ ಹೊರಬರುವ ಈ ಬೆವರಿನಲ್ಲಿ ಶೇಕಡ 98ರಿಂದ 99ರಷ್ಟು ಬರಿಯ ನೀರು. ಉಳಿದ ಅಲ್ಪಭಾಗದಲ್ಲಿ ಉಪ್ಪು, ಅಮೈನೊ ಆಮ್ಲಗಳು, ಯೂರಿಯಾ, ಲ್ಯಾಕ್ಟಿಕ್ ಆಮ್ಲ ಮುಂತಾದವು ಸೇರಿವೆ. ಅಚ್ಚಿಗೆ ಬಾಳಿಕೆ ಕೊಡುವ ಜಿಡ್ಡು ಬರುವುದು ನಾವು ನಮಗೇ ತಿಳಿಯದಂತೆ ಮುಖ, ಕತ್ತು, ತಲೆಗೂದಲು ಮುಟ್ಟಿಕೊಳ್ಳುವುದರಿಂದ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಗಾಜು ಹಿಡಿದವರ ಅಚ್ಚು ಪುಡಿಗೆ ಸೊಗಸಾಗಿ ಎದ್ದು ಬರುತ್ತದೆ. ಆಗತಾನೆ ಸೋಪು ಹಾಕಿ ಕೈ ತೊಳೆದು ಒರೆಸಿಕೊಂಡವರದು ಅದೇ ಗಾಜಿನ ಮೇಲೆ ಬೀಳದೆಯೂ ಹೋಗಬಹುದು. ನಮ್ಮ ಕಡೆಯ ಏಪ್ರಿಲ್ಲಿನ ಒಣ ಹವೆಯಲ್ಲಿ, ಅದರಲ್ಲೂ ಬಿಸಿಲಿಗೆ ಕಾದ ಶೀಟಿನ ಮಾಡಿನ ಕೋಣೆಯಲ್ಲಿ, ಬೆವರಿನ ನೀರು ಬೇಗ ಆರಿಹೋಗುತ್ತದೆ. ಪುಡಿಯ ಕಣಗಳು ಮುಖ್ಯವಾಗಿ ತೇವಕ್ಕೂ ಜಿಡ್ಡಿಗೂ ಅಂಟುವುದರಿಂದ, ಜಿಡ್ಡಿಲ್ಲದ ಅಚ್ಚು ಮಾರನೆಯ ಮಧ್ಯಾಹ್ನದ ಹೊತ್ತಿಗೆ ಪುಡಿಯ ಪಾಲಿಗೆ ಇಲ್ಲದಂತೆಯೇ ಆಗಿರಬಹುದು.

ಇನ್ನು ಒತ್ತಡ. ಗಟ್ಟಿಯಾಗಿ ಒತ್ತಿದರೆ ಅಚ್ಚು ಚೆನ್ನಾಗಿ ಮೂಡುತ್ತದೆ ಎಂಬುದು ಜನರ ಸಾಮಾನ್ಯ ನಂಬಿಕೆ. ಕಚೇರಿಯಲ್ಲಿ ರಬ್ಬರ್ ಮೊಹರು ಹಾಕಿದವರಿಗೆ ಇದು ಎಷ್ಟು ತಪ್ಪೆಂಬುದು ಗೊತ್ತು: ಹಗುರಾಗಿ ತಾಗಿಸಿದರೆ ಅಕ್ಷರ ಅರ್ಧಂಬರ್ಧ ಬೀಳುತ್ತದೆ, ಬಲವಾಗಿ ಅದುಮಿದರೆ ಶಾಯಿ ಹರಡಿ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ. ಬೆರಳಿನಲ್ಲೂ ಹಗುರ ಸ್ಪರ್ಶಕ್ಕೆ ಉಬ್ಬುಗೆರೆಗಳ ನೆತ್ತಿಯಷ್ಟೇ ತಾಗಿ, ತೆಳ್ಳಗೆ ತುಂಡು ತುಂಡಾದ ಗೆರೆಗಳು ಬೀಳುತ್ತವೆ. ಒತ್ತಡ ಏರಿದಂತೆ ಬೆರಳ ತುದಿಯ ಮೆತ್ತನೆಯ ಭಾಗ ಚಪ್ಪಟೆಯಾಗಿ, ತಾಗುವ ವಿಸ್ತಾರ ಹೆಚ್ಚಿ, ಗೆರೆಗಳು ದಪ್ಪಗಾಗಿ, ಅವುಗಳ ನಡುವಿನ ತಗ್ಗು ಕಿರಿದಾಗುತ್ತದೆ. ಇನ್ನೂ ಒತ್ತಿದರೆ ಬೆವರು ಅಥವಾ ರಕ್ತ ಉಬ್ಬಿನಿಂದ ತಗ್ಗಿಗೆ ತಳ್ಳಲ್ಪಟ್ಟು, ಗೆರೆ ಇರಬೇಕಾದಲ್ಲಿ ಖಾಲಿಯೂ ಖಾಲಿ ಇರಬೇಕಾದಲ್ಲಿ ಗೆರೆಯೂ ಕಾಣುವಂತೆ ಅಚ್ಚು ತಿರುವುಮುರುವಾಗುವುದುಂಟು. ಇದನ್ನು ಗುರುತಿಸದೆ ಹೋಲಿಕೆಗೆ ಕುಳಿತರೆ, ಒಂದು ಗೆರೆ ಎರಡಾಗಿ ಕವಲೊಡೆಯುವ ಜಾಗ ಗೆರೆ ಮುಗಿಯುವ ಜಾಗದಂತೆ ಕಂಡು ದಾರಿ ತಪ್ಪಿಸುತ್ತದೆ.

ಒತ್ತಡಕ್ಕಿಂತಲೂ ಹೆಚ್ಚು ಹಾಳುಮಾಡುವುದು ಜಾರುವಿಕೆ. ಬೀರು ತೆರೆಯುವವನು ಅಚ್ಚು ಒತ್ತುವವನಂತೆ ಬೆರಳನ್ನು ನೇರವಾಗಿ ಇಟ್ಟು ನೇರವಾಗಿ ಎತ್ತುವುದಿಲ್ಲ. ಅವನು ಹಿಡಿಯನ್ನು ಹಿಡಿದು ತಿರುಗಿಸುತ್ತಾನೆ, ಬಾಗಿಲಿನ ಅಂಚಿಗೆ ಬೆರಳು ಕೊಟ್ಟು ತನ್ನ ಕಡೆಗೆ ಎಳೆಯುತ್ತಾನೆ, ಸಿಕ್ಕಿಕೊಂಡರೆ ಅಂಗೈಯಿಂದ ಗುದ್ದುತ್ತಾನೆ. ಚರ್ಮ ಸ್ವಲ್ಪವೇ ಎಳೆದುಕೊಂಡು ಮೇಲ್ಮೈಯನ್ನು ಬಿಡದೆ ನಿಂತಿದ್ದರೆ ಗೆರೆಗಳ ನಡುವಿನ ಅಂತರ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ಗೆರೆಗಳ ಅನುಕ್ರಮ ಉಳಿದಿರುವುದರಿಂದ ಪಳಗಿದವನು ಅಂಥದ್ದನ್ನು ಓದಬಲ್ಲ. ಮೇಲ್ಮೈಯನ್ನು ಬಿಟ್ಟು ಜಾರಿದ್ದರೆ ಮಾತ್ರ ಉಳಿಯುವುದು ಒಂದು ಬಳಿದ ಕಲೆ. ಹಿಡಿಯಂಥ ಕಿರಿದಾದ, ಬಾಗಿದ ಭಾಗದಲ್ಲಿ ಬೆರಳಿನ ಒಂದು ಪಟ್ಟಿಯಷ್ಟೇ ತಾಗುತ್ತದೆ, ಅದರ ಮೇಲೆ ನಿನ್ನೆಯ, ಮೊನ್ನೆಯ, ಇನ್ನೊಬ್ಬರ ಅಚ್ಚುಗಳು ಬಿದ್ದಿರುತ್ತವೆ. ಹೆಚ್ಚು ಮುಟ್ಟಿದ ಜಾಗದಲ್ಲಿ ಹೆಚ್ಚು ಅಚ್ಚು ಸಿಗಬೇಕೆಂಬ ತಮ್ಮ ಎಣಿಕೆ ತಲೆಕೆಳಗಾಗುವುದು ಇಲ್ಲಿಯೇ. ಅಪರೂಪಕ್ಕೆ ಮುಟ್ಟುವ ನುಣುಪು ಜಾಗ, ಅಂದರೆ ಕಪಾಟಿನ ಗಾಜು, ಕೊಟ್ಟಷ್ಟನ್ನು ಬೀರುವಿನ ಹಿಡಿ ಎಂದೂ ಕೊಡುವುದಿಲ್ಲ.

ಬೀರುವಿನ ಬಣ್ಣ ಹೇಗಿತ್ತೆಂದು ತಾವು ಬರೆದಿಲ್ಲ. ಹಳೆಯ ಬೀರುಗಳಿಗೆ ಸಣ್ಣ ಸಣ್ಣ ಗುಳಿಗಳಿರುವ ಬೂದು ಬಣ್ಣ ಬಳಿಯುವ ರೂಢಿಯಿತ್ತು. ಅಂಥ ಮೇಲ್ಮೈಯಲ್ಲಿ ಬೆರಳು ಗುಳಿಗಳ ಅಂಚಿಗೆ ಮಾತ್ರ ತಾಗುವುದರಿಂದ ಅಚ್ಚು ಚುಕ್ಕೆ ಚುಕ್ಕೆಯಾಗಿ ಒಡೆದುಹೋಗುತ್ತದೆ. ಅದಕ್ಕೆ ಪುಡಿ ಹಾಕಿದರೆ ಗುಳಿಯಲ್ಲೂ ಪುಡಿ ತುಂಬಿ ಇದ್ದದ್ದೂ ಮುಚ್ಚುತ್ತದೆ.

ಉತ್ತರ: ವಿಧಿವಿಜ್ಞಾನ ವಿದ್ಯಾರ್ಥಿನಿ, ಚಿಂತಾಮಣಿ

ಹಿರಿಯರ ವಿವರಣೆಗೆ ಒಂದು ಸಣ್ಣ ಭಿನ್ನಾಭಿಪ್ರಾಯವನ್ನು ಸೇರಿಸಲು ಅನುಮತಿ ಬೇಡುತ್ತೇನೆ. ಪ್ರಯೋಗಶಾಲೆಯಲ್ಲಿ ಒತ್ತಡ, ಸ್ಪರ್ಶದ ಅವಧಿ, ಉಷ್ಣಾಂಶ ಇವನ್ನೆಲ್ಲ ಒಂದೇ ಸಮನಾಗಿ ಇರಿಸಿದರೂ ಒಬ್ಬರ ಅಚ್ಚು ಎದ್ದು ಕಾಣುತ್ತದೆ, ಇನ್ನೊಬ್ಬರದು ಬರುವುದೇ ಇಲ್ಲ. ವಯಸ್ಸು, ಆಹಾರ, ಕೆಲಸ, ಆ ಹೊತ್ತಿನ ಭಯ ಅಥವಾ ಗಾಬರಿ, ಕೈ ತೊಳೆದು ಎಷ್ಟು ಹೊತ್ತಾಯಿತು ಎಂಬುದು, ಇವೆಲ್ಲ ಸೇರಿ ಆಗುವ ವ್ಯತ್ಯಾಸ ಒತ್ತಡದಿಂದ ಆಗುವ ವ್ಯತ್ಯಾಸವನ್ನು ನುಂಗಿಬಿಡುವಷ್ಟು ದೊಡ್ಡದು. ಒಬ್ಬನೇ ವ್ಯಕ್ತಿಯ ಬೆಳಗಿನ ಅಚ್ಚೂ ಸಂಜೆಯ ಅಚ್ಚೂ ಗುಣಮಟ್ಟದಲ್ಲಿ ಒಂದೇ ಆಗಿರಬೇಕೆಂದಿಲ್ಲ. ಚಿಕ್ಕ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ: ಅವರ ಅಚ್ಚಿನಲ್ಲಿ ಬೇಗ ಆವಿಯಾಗುವ ಹಗುರ ಕೊಬ್ಬಿನ ಆಮ್ಲಗಳ ಪಾಲು ಹೆಚ್ಚು, ಆದ್ದರಿಂದ ದೊಡ್ಡವರ ಅಚ್ಚು ಉಳಿದಿರುವ ಮೇಲ್ಮೈಯಿಂದಲೇ ಮಕ್ಕಳದು ಬೇಗ ಮಾಯವಾಗುತ್ತದೆ.

ಗುಣಮಟ್ಟವನ್ನು ಅಳೆಯುವುದು ಕೂಡ ಸುಲಭದ ಕೆಲಸವಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 169 ಪರಿಶೀಲಕರಿಗೆ ಅಚ್ಚುಗಳನ್ನು ಕೊಟ್ಟು ಪರೀಕ್ಷಿಸಿದಾಗ, ಬೇರೆಯವರ ಅಚ್ಚನ್ನು ಒಂದೇ ಎಂದು ಹೇಳಿದ ತಪ್ಪು ಶೇಕಡ 0.1ರಷ್ಟಿತ್ತು, ಒಬ್ಬರದೇ ಅಚ್ಚನ್ನು ಬೇರೆ ಎಂದು ತಳ್ಳಿಹಾಕಿದ ತಪ್ಪು ಶೇಕಡ 7.5ರಷ್ಟಿತ್ತು. ಅದಕ್ಕಿಂತ ನನ್ನ ಗಮನ ಸೆಳೆದದ್ದು, ಒಂದು ಅಚ್ಚು ಹೋಲಿಕೆಗೆ ಯೋಗ್ಯವೋ ಅಲ್ಲವೋ ಎಂಬುದರಲ್ಲೇ ಪರಿಶೀಲಕರ ನಡುವೆ ಹಲವೆಡೆ ಒಮ್ಮತವಿರಲಿಲ್ಲ ಎಂಬುದು. ಪ್ರಶ್ನೆ ಕೇಳಿದವರ ಪ್ರಕರಣದಲ್ಲಿಯೂ ಬೀರುವಿನ ಮೇಲಿನ ಗುರುತುಗಳ ಛಾಯಾಚಿತ್ರ ತೆಗೆದಿದ್ದರೆ ಇನ್ನೊಬ್ಬ ತಜ್ಞರು ನೋಡುವ ಅವಕಾಶ ಉಳಿದಿರುತ್ತದೆ. ಚಿತ್ರವನ್ನು ಗಣಕದಲ್ಲಿ ಹಿಗ್ಗಿಸಿ ಛಾಯೆ ತಿದ್ದಬಹುದು, ಆದರೆ ಬೀಳದ ಗೆರೆಯನ್ನು ಯಾವ ತಂತ್ರಾಂಶವೂ ತರಲಾರದು, ತಂದರೆ ಅದು ಪುರಾವೆಯಾಗುವುದಿಲ್ಲ.

ಉತ್ತರ: ಫಿಲೇಚರ್ ನಡೆಸುವ ಕುಟುಂಬದವರು, ಶಿಡ್ಲಘಟ್ಟ

ನಮ್ಮಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಣ್ಣುಮಕ್ಕಳ ಕೈ ದಿನವಿಡೀ ಬಿಸಿನೀರಿನಲ್ಲಿರುತ್ತದೆ. ಸಂಜೆಗೆ ಬೆರಳುಗಳು ಬೆಳ್ಳಗಾಗಿ, ಸುಕ್ಕುಗಟ್ಟಿ, ಕೆಲವರಿಗೆ ತುದಿಯ ಚರ್ಮವೇ ಸುಲಿದಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಇಟ್ಟರೆ ಯಂತ್ರ ತೆಗೆದುಕೊಳ್ಳುವುದಿಲ್ಲ. ಅಂಗಡಿಯವರು ಇನ್ನೂ ಗಟ್ಟಿಯಾಗಿ ಒತ್ತಿ ಎನ್ನುತ್ತಾರೆ, ಒತ್ತಿದರೂ ಬರುವುದಿಲ್ಲ. ಇಂಥವರಿಗೆ ಬೆರಳಚ್ಚು ಎಂಬುದೇ ಅಳಿಸಿಹೋಗಿರುತ್ತದೆಯೇ? ಕೈಗೆಲಸದವರ ಮೇಲೆ ಅನುಮಾನ ಬಂದಾಗ ‘ಇವರಿಗೆ ಬೆರಳಚ್ಚೇ ಇಲ್ಲ, ಅದಕ್ಕೇ ಸಿಕ್ಕಿಲ್ಲ’ ಎಂದು ಅದನ್ನೇ ಅವರ ವಿರುದ್ಧ ತಿರುಗಿಸುವ ಮಾತುಗಳನ್ನು ಕೇಳಿದ್ದೇನೆ, ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ: ನಿವೃತ್ತ ಬೆರಳಚ್ಚು ಪರಿಶೀಲಕ, ತುಮಕೂರು

ವಿದ್ಯಾರ್ಥಿನಿಯವರ ಮಾತನ್ನು ಒಪ್ಪುತ್ತೇನೆ. ನಾನು ಒತ್ತಡವನ್ನು ಎತ್ತಿ ಹೇಳಿದ್ದು ಸ್ಥಳದಲ್ಲಿ ಕಣ್ಣಿಗೆ ಕಾಣುವುದು ಅದರ ಪರಿಣಾಮವೇ ಆದ್ದರಿಂದ. ಮುಟ್ಟಿದವನ ಬೆವರು ಹೇಗಿತ್ತೆಂಬುದನ್ನು ನಾವು ಊಹಿಸಬೇಕಷ್ಟೆ.

ಫಿಲೇಚರಿನವರ ಪ್ರಶ್ನೆಗೆ: ಅಳಿಸಿಹೋಗುವುದಿಲ್ಲ, ಮರೆಯಾಗಿರುತ್ತದೆ. ಉಬ್ಬುಗೆರೆಗಳ ವಿನ್ಯಾಸ ತಾಯಿಯ ಗರ್ಭದಲ್ಲಿರುವಾಗಲೇ ಮೂಡುತ್ತದೆ, ಮತ್ತು ಅದರ ಬೇರು ಹೊರಚರ್ಮವು ಒಳಚರ್ಮಕ್ಕೆ ಸೇರುವ ಪದರದಲ್ಲಿದೆ. ಮೇಲಿನ ಪದರ ಬಿಸಿನೀರಿಗೆ ಸುಲಿದರೂ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಇಟ್ಟಿಗೆ ಹೊತ್ತು ಸವೆದರೂ, ಶಿವಾರಪಟ್ಟಣದ ಶಿಲ್ಪಿಗಳಂತೆ ಕಲ್ಲಿನ ಹುಡಿಗೆ ಉಜ್ಜಿಹೋದರೂ, ಸುಣ್ಣ ಅಥವಾ ಸಿಮೆಂಟು ತಿಂದರೂ, ಕೆಲಸಕ್ಕೆ ಕೆಲವು ವಾರ ಬಿಡುವು ಕೊಟ್ಟರೆ ಅದೇ ವಿನ್ಯಾಸ ಮರಳಿ ಬರುತ್ತದೆ. ಒಳಪದರಕ್ಕೆ ತಾಗುವಷ್ಟು ಆಳವಾದ ಗಾಯವಾದರೆ ಮಾತ್ರ ಶಾಶ್ವತ ಕಲೆ ಉಳಿಯುತ್ತದೆ, ಆ ಕಲೆಯೇ ಮುಂದೆ ಗುರುತಿಗೆ ಇನ್ನೊಂದು ಆಧಾರವಾಗುತ್ತದೆ. ನೀರಿನಲ್ಲಿ ನೆನೆದಾಗ ಬರುವ ಸುಕ್ಕಂತೂ ನರಗಳ ಅಂಕೆಯಲ್ಲಿ ರಕ್ತನಾಳಗಳು ಕುಗ್ಗುವುದರಿಂದ ಆಗುವಂಥದ್ದು; ಬೆರಳಿಗೆ ಹೋಗುವ ನರ ತುಂಡಾದವರಿಗೆ ಆ ಸುಕ್ಕು ಬರುವುದಿಲ್ಲ. ಕೈ ಒಣಗಿದ ಮೇಲೆ ಅದು ತಾನಾಗಿ ಹೋಗುತ್ತದೆ.

ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೂ ಬೀರುವಿನ ಮೇಲಿನ ಅಚ್ಚಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಯಂತ್ರದ ಮುಂದೆ ಬೆರಳು ಇರುತ್ತದೆ, ಇನ್ನೊಂದು ಸಲ ಇಡಬಹುದು, ಇನ್ನೊಂದು ಬೆರಳು ಕೊಡಬಹುದು. ಅಂಗಡಿಯವರು ಗಟ್ಟಿಯಾಗಿ ಒತ್ತಿ ಎನ್ನುವುದು ಕೆಲಸವನ್ನು ಕೆಡಿಸುತ್ತದೆ, ಏಕೆಂದರೆ ಸವೆದ ಗೆರೆಗಳನ್ನು ಅದುಮಿದರೆ ಇರುವ ಅಲ್ಪ ತಗ್ಗೂ ಮುಚ್ಚಿಕೊಳ್ಳುತ್ತದೆ. ಕೈ ಒದ್ದೆಯಿದ್ದರೆ ಒರೆಸಿ ಅರ್ಧ ಗಂಟೆ ಕಾಯುವುದು, ತೀರ ಒಣಗಿದ್ದರೆ ಬೆರಳನ್ನು ಹಣೆಗೆ ಒಮ್ಮೆ ತಾಗಿಸಿ ತುಸು ಜಿಡ್ಡು ಬರಿಸಿಕೊಳ್ಳುವುದು, ಹೆಬ್ಬೆರಳಿನ ಬದಲು ಉಂಗುರ ಬೆರಳನ್ನು ಸಾಧಾರಣ ಒತ್ತಡದಲ್ಲಿ ಇಡುವುದು ಮೇಲು.

ಸವೆದ ಬೆರಳಿನವರು ಬೀರು ಮುಟ್ಟಿದ್ದರೆ ಅಚ್ಚು ಮಸುಕಾಗಿ ಬೀಳಬಹುದು, ನಿಜ. ಆದರೆ ಹಗುರಾಗಿ ಮುಟ್ಟಿದ ಸರ್ಕಾರಿ ನೌಕರನ ಅಚ್ಚೂ, ಕೈ ತೊಳೆದು ಬಂದ ಗೃಹಿಣಿಯ ಅಚ್ಚೂ ಹಾಗೆಯೇ ಬೀಳುತ್ತದೆ. ಮಸುಕು ಕಲೆಯಿಂದ ಕಸುಬನ್ನು ಊಹಿಸಿ, ಕಸುಬಿನಿಂದ ಕಳ್ಳನನ್ನು ಊಹಿಸುವುದು ಯಾವ ಶಾಸ್ತ್ರದಲ್ಲೂ ಇಲ್ಲ.

ಉತ್ತರ: ವಕೀಲರು, ಕೋಲಾರ

ಕಾನೂನಿನ ಕಡೆಯಿಂದ ಕೆಲವು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನ ಪ್ರಕಾರ ಬೆರಳಚ್ಚಿನ ಬಗ್ಗೆ ತಜ್ಞರು ಹೇಳುವುದು ಅಭಿಪ್ರಾಯ. ಅದರ ತೂಕವನ್ನು ನಿರ್ಧರಿಸುವುದು ನ್ಯಾಯಾಲಯ. ವಾಸದ ಮನೆಯಲ್ಲಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಪುರಾವೆ ಸಂಗ್ರಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದೊಳಗಿನ ಕಾಲಾವಕಾಶವಿದೆ.

ಅಚ್ಚು ಸಿಗದಿದ್ದರೆ ಆರೋಪಿ ಮುಟ್ಟಿಲ್ಲ ಎಂದು ನಾವು ವಾದಿಸುತ್ತೇವೆ, ಅದು ನಮ್ಮ ಕಸುಬು. ಆದರೆ ಮೇಲೆ ಹಿರಿಯರು ವಿವರಿಸಿದ ಕಾರಣಗಳಿಂದ ಅದೊಂದರಿಂದಲೇ ಪ್ರಕರಣ ಬಿದ್ದುಹೋಗಬೇಕಿಲ್ಲ. ಅಚ್ಚು ಸಿಕ್ಕಾಗಲೂ ಅಷ್ಟೇ ಎಚ್ಚರ ಬೇಕು. ಅಚ್ಚು ಎಷ್ಟು ಹಳೆಯದು ಎಂದು ಖಚಿತವಾಗಿ ಹೇಳುವ ವಿಧಾನವಿಲ್ಲ. ತೋಟದ ಕೆಲಸದವರು ಹಬ್ಬಕ್ಕೆ ಬಂದು ಬೀರು ಜರುಗಿಸಿಕೊಟ್ಟಿದ್ದರೆ ಅವರ ಅಚ್ಚು ಅದರ ಮೇಲೆ ಇರುವುದೇ ಸಹಜ. ಅಂಥಲ್ಲಿ ಸ್ಪರ್ಶದ ರೀತಿಯೇ ಮುಖ್ಯ ಪ್ರಶ್ನೆಯಾಗುತ್ತದೆ: ಅಚ್ಚು ಬೀರುವಿನ ಹೊರಮೈ ಮೇಲಿದೆಯೋ ಒಳಗಿನ ಗುಪ್ತ ಖಾನೆಯಲ್ಲಿದೆಯೋ, ಬೆರಳ ತುದಿ ಮೇಲ್ಮುಖವಾಗಿದೆಯೋ ಕೆಳಮುಖವಾಗಿದೆಯೋ, ತಳ್ಳಿದ್ದೋ ಎಳೆದದ್ದೋ. ಅಚ್ಚು ಎತ್ತಿದ ಜಾಗ, ಎತ್ತರ, ದಿಕ್ಕು ಇವನ್ನು ಮಹಜರಿನಲ್ಲಿ ಬರೆಯದೆ ಟೇಪಿಗೆ ಎತ್ತಿದ ಅಚ್ಚನ್ನಷ್ಟೇ ತಂದರೆ ಅರ್ಧ ಪುರಾವೆ ಗೋಡೆಯ ಮೇಲೆಯೇ ಉಳಿದಂತೆ.

ಕಳಪೆ ಅಚ್ಚನ್ನು ಸ್ಪರ್ಶದ ನೆಪದಲ್ಲಿ ಎಳೆದು ಹೊಂದಿಸಿದರೆ ಏನಾಗುತ್ತದೆ ಎಂಬುದಕ್ಕೆ 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆ ಉದಾಹರಣೆ. ಸ್ಫೋಟಕ ಸಿಡಿಸುವ ಡಿಟೊನೇಟರುಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲಿನ ಅಚ್ಚು ಅಮೆರಿಕದ ಒರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೆಂದು ಎಫ್‌ಬಿಐ ಪರಿಶೀಲಕರು ಹೇಳಿದರು. ಅಚ್ಚಿನ ಮೇಲ್ಭಾಗದ ಒಂದು ಕಡೆ ಗೆರೆಗಳು ಅವರ ಬೆರಳಿಗೆ ಹೊಂದುತ್ತಿರಲಿಲ್ಲ. ಆ ಭಾಗ ಬೇರೊಂದು ಸ್ಪರ್ಶದಿಂದ ಬಂದದ್ದಿರಬೇಕೆಂದು ವಿವರಣೆ ಕೊಟ್ಟು ಮುಂದೆ ಹೋದರು. ಎರಡು ವಾರ ಅವರು ಬಂಧನದಲ್ಲಿದ್ದ ಮೇಲೆ ಸ್ಪೇನಿನ ಪೊಲೀಸರು ಅದನ್ನು ಇನ್ನೊಬ್ಬ ವ್ಯಕ್ತಿಯದೆಂದು ಗುರುತಿಸಿದರು, ಎಫ್‌ಬಿಐ ಕ್ಷಮೆ ಕೇಳಿತು. ಅಚ್ಚು ಯಾವ ಸ್ಪರ್ಶದಲ್ಲಿ ಬಿದ್ದದ್ದು, ಅದರಲ್ಲಿ ಎಷ್ಟು ವಿಕಾರವಿದೆ ಎಂಬುದನ್ನು ಶಂಕಿತನ ಬೆರಳು ನೋಡುವ ಮೊದಲೇ ಬರೆದಿಡಬೇಕು ಎಂದು ನಾನು ಪಾಟೀ ಸವಾಲಿನಲ್ಲಿ ಒತ್ತಾಯಿಸುವುದು ಇದಕ್ಕೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬೀರುವಿನ ಬಣ್ಣ ಹಿರಿಯರು ಊಹಿಸಿದಂತೆಯೇ ಗುಳಿಗಳಿರುವ ಬೂದು ಬಣ್ಣ. ಇನ್ನೊಂದು ವಿಷಯ. ನಗದು ಇಟ್ಟಿದ್ದ ಕಾಗದದ ಕವರನ್ನು ಹರಿದು ಕಳ್ಳರು ಮಂಚದ ಕೆಳಗೆ ಎಸೆದಿದ್ದರು. ಮನೆ ಗುಡಿಸುವಾಗ ಮೊನ್ನೆ ಸಿಕ್ಕಿದೆ. ಇಷ್ಟು ದಿನವಾದ ಮೇಲೆ ಅದರಿಂದ ಪ್ರಯೋಜನವಿದೆಯೇ? ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದೇವೆ.

ಉತ್ತರ: ನಿವೃತ್ತ ಬೆರಳಚ್ಚು ಪರಿಶೀಲಕ, ತುಮಕೂರು

ಖಂಡಿತ ಇದೆ, ಬೀರುವಿಗಿಂತ ಅದರ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಕಾಗದ ಬೆವರನ್ನು ಒಳಗೆ ಹೀರಿಕೊಳ್ಳುತ್ತದೆ. ನೀರು ಆರಿದರೂ ಅಮೈನೊ ಆಮ್ಲಗಳು ನಾರಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯಬಲ್ಲವು. ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಅವುಗಳೊಡನೆ ಸೇರಿ ನೇರಳೆ ಬಣ್ಣದ ಗೆರೆಗಳನ್ನು ಎಬ್ಬಿಸುತ್ತದೆ. ಬೆರಳಚ್ಚಿಗೆ ಇದನ್ನು ಬಳಸಬಹುದೆಂದು 1954ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಕವರು ಹರಿಯುವವನು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಗಿಯಾಗಿ ಹಿಡಿದು, ಬೆರಳು ಜಾರದಂತೆ ನೋಡಿಕೊಂಡೇ ಹರಿಯುತ್ತಾನೆ. ಅಚ್ಚಿಗೆ ಅದಕ್ಕಿಂತ ಅನುಕೂಲವಾದ ಸ್ಪರ್ಶ ಕಳವಿನ ಸ್ಥಳದಲ್ಲಿ ಸಿಗುವುದು ಕಡಿಮೆ. ನೆಲ ಒರೆಸಿದ ನೀರು ಕವರಿಗೆ ತಾಗಿದ್ದರೆ ಅಮೈನೊ ಆಮ್ಲ ಕರಗಿಹೋಗಿರುತ್ತದೆ. ಆಗಲೂ ಜಿಡ್ಡಿನ ಅಂಶವನ್ನು ಹಿಡಿಯುವ ಬೇರೆ ದ್ರಾವಣಗಳಿವೆ.

ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟಿಕೊಳ್ಳುವುದರಿಂದ ಕವರನ್ನು ಅಂಚು ಹಿಡಿದು ಹೊರತೆಗೆದು ಒಣ ಕಾಗದದ ದೊಡ್ಡ ಲಕೋಟೆಯಲ್ಲಿ ಮಡಿಸದೆ ಇಡಿ. ಪುಡಿ ಹಾಕಿ ನೋಡುವ ಪ್ರಯತ್ನ ಮನೆಯಲ್ಲಿ ಬೇಡ. ಗುಡಿಸುವಾಗ ಅದನ್ನು ಕೈಗೆತ್ತಿಕೊಂಡವರು ಯಾರು, ಯಾವ ತುಂಡನ್ನು ಹಿಡಿದರು ಎಂದು ಬರೆದಿಟ್ಟು, ಕವರಿಗೆ ಹಣ ಹಾಕಿದವರೂ ಸೇರಿದಂತೆ ಮನೆಯವರ ಅಚ್ಚುಗಳನ್ನು ಹೋಲಿಸಿ ಹೊರಗಿಡಲು ಕೊಡಬೇಕಾಗುತ್ತದೆ. ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಮಹಜರು ಮಾಡಿಸಿಯೇ ಒಪ್ಪಿಸಿ. ಹರಿದ ತುಂಡುಗಳಲ್ಲಿ ಒಂದನ್ನೂ ಬಿಡಬೇಡಿ.